ತೂಬಿನ ಬಳಿ ಕೂಗಿದ ಮೋಟಾರು

ಮೋಟಾರು ಮೊದಲ ಸಲ ಕೂಗಿದಾಗ ನಾನು ಕೆರೆಯಲ್ಲಿರಲಿಲ್ಲ. ಚಾಮರಾಜಪೇಟೆಯ ನಮ್ಮ ವರ್ಕ್‌ಶಾಪಿನಲ್ಲಿ ಪಂಪ್‌ಸೆಟ್ಟೊಂದರ ಬೇರಿಂಗ್ ಕಳಚುತ್ತ ಕೂತಿದ್ದೆ. ಇಲಾಖೆಯ ದೋಣಿ ನಡೆಸುತ್ತಿದ್ದ ಅಣ್ಣ ಬಂದು, ಒಳಗೂ ಬಾರದೆ ಬಾಗಿಲಲ್ಲೇ ನಿಂತರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಅದಕ್ಕೇ ಅಣ್ಣ ಎನ್ನುತ್ತಿದ್ದೆ. ಕಾವೇರಿ ದಂಡೆಯ ಊರಿನವರು, ಹರಿಗೋಲು ಹಾಕುತ್ತಲೇ ಬೆಳೆದವರು. ನೀರಿಗೆ ಹೆದರುವ ಪೈಕಿ ಅಲ್ಲ.

"ಅದು ಕೂಗ್ತಿದೆ ಕಣಪ್ಪ," ಅಂದರು.

"ಯಾವುದಣ್ಣ?"

"ಹೊಸ ಮೋಟಾರು. ತೂಬಿನ ಹತ್ರ ಕಟ್ಟಿ ಕಾಲು ಗಂಟೆ ಆಗಿರ್ಬೇಕು, ಶುರುವಾಯ್ತು. ನಿಲ್ಲಿಸ್ದೆ. ನಿಲ್ಲಿಸಿದ್ಮೇಲೂ ಕೂಗ್ತಾನೇ ಇತ್ತು."

ಎಂಬತ್ತರ ದಶಕದ ನಡುವಿನ ಮಾತು ಇದು. ಊರಿನ ಕೆರೆಗಳಲ್ಲಿ ಅಂತರಗಂಗೆ ಹಬ್ಬಿ ನೀರೇ ಕಾಣದಂತಾಗಿತ್ತು. ಆ ಕಳೆ ತೆಗೆಯುವುದು ನಮ್ಮ ಇಲಾಖೆಯ ಪಾಲಿಗೆ ಬಂದಿತ್ತು. ಗವೀಪುರದ ಆಚೆಯ ಕೆರೆಗೆ ಒಂದು ದೋಣಿ, ಅದರ ಹಿಂಬದಿಗೆ ನೇತುಹಾಕುವ ಒಂದು ಹೊಸ ಮೋಟಾರು ಕೊಟ್ಟಿದ್ದರು. ಹಳೆಯ ಮೋಟಾರಿಗೆ ಇಲ್ಲದ ಒಂದು ಸೌಕರ್ಯ ಇದಕ್ಕಿತ್ತು. ಇಂಜಿನ್ ಮಿತಿ ಮೀರಿ ಕಾದರೆ ಮುಚ್ಚಳದೊಳಗಿನ ಪುಟ್ಟ ಹಾರ್ನ್ ಒಂದೇ ಸಮನೆ ಕೂಗುತ್ತಿತ್ತು.

"ಕೀ ತಿರುಗಿಸಿ ನಿಲ್ಲಿಸಿದ್ರಾ, ಬರೀ ಬಟನ್ ಒತ್ತಿದ್ರಾ?" ಎಂದು ಕೇಳಿದೆ.

"ಬಟನ್."

"ಹಂಗಾದ್ರೆ ಕೂಗುತ್ತೆ. ಹಾರ್ನು ಬ್ಯಾಟರಿ ಮೇಲೆ ನಡೆಯೋದು. ಇಂಜಿನ್ ಆರೋವರ್ಗೂ ಬಿಡಲ್ಲ."

ಅಣ್ಣ ತಲೆಯಾಡಿಸಿದರು. ಒಪ್ಪಿದ ಹಾಗೆ ಕಾಣಲಿಲ್ಲ.

ಮೋಟಾರನ್ನು ವರ್ಕ್‌ಶಾಪಿಗೆ ತರಿಸಿದೆ. ಇಂಥ ಮೋಟಾರಿಗೆ ಕಾರಿನ ಹಾಗೆ ರೇಡಿಯೇಟರ್ ಇರುವುದಿಲ್ಲ, ತಾನು ಮುಳುಗಿರುವ ನೀರನ್ನೇ ಕುಡಿದು ತಣ್ಣಗಾಗುತ್ತದೆ. ನೀರಿನೊಳಗೆ ಇಳಿದಿರುವ ಕಾಲಿನ ಎರಡೂ ಬದಿಗೆ, ದೋಣಿ ತಳ್ಳುವ ಫ್ಯಾನಿಗಿಂತ ಕೊಂಚ ಮೇಲೆ, ಬಾಚಣಿಗೆಯಂಥ ಸೀಳುಗಳಿರುತ್ತವೆ. ಒಳಗೊಂದು ರಬ್ಬರ್ ರೆಕ್ಕೆಯ ಚಕ್ರ ಆ ಸೀಳುಗಳಿಂದ ನೀರೆಳೆದು, ತಾಮ್ರದ ಕೊಳವೆಯಲ್ಲಿ ಮೇಲಕ್ಕೆ ತಳ್ಳಿ, ಸಿಲಿಂಡರುಗಳನ್ನು ಸುತ್ತಿಸಿ ಹೊರಗೆ ಬಿಡುತ್ತದೆ. ಬೆನ್ನ ಹಿಂದಿನ ತೂತಿನಿಂದ ಪೆನ್ಸಿಲ್ ದಪ್ಪದ ಒಂದು ಧಾರೆ ಸದಾ ಚಿಮ್ಮುತ್ತಿರಬೇಕು. ಧಾರೆ ಇದ್ದರೆ ಮೋಟಾರು ಕ್ಷೇಮ ಎಂದು ಅರ್ಥ.

ಪಂಪುಗಳ ಪರೀಕ್ಷೆಗೆಂದು ಕಟ್ಟಿಸಿದ್ದ ಸಿಮೆಂಟ್ ತೊಟ್ಟಿಗೆ ಇಳಿಸಿ ಒಂದು ಗಂಟೆ ಓಡಿಸಿದೆ. ಧಾರೆ ತುಂಬಾ ಚೆನ್ನಾಗಿ ಚಿಮ್ಮಿತು. ಹಾರ್ನ್ ಸೊಲ್ಲೆತ್ತಲಿಲ್ಲ. ಆದರೂ ಸಮಾಧಾನಕ್ಕೆ ಕೆಳಗಿನ ಭಾಗ ಬಿಚ್ಚಿದೆ. ರಬ್ಬರ್ ಚಕ್ರದ ಎರಡು ರೆಕ್ಕೆ ತುಸು ಬಾಗಿದ್ದವು. ಇದ್ದ ಒಂದೇ ಒಂದು ಹೊಸ ಚಕ್ರ ಹಾಕಿ ಕಳಿಸಿದೆ.

ಮೂರು ದಿನ ಕಳೆದು ಅಣ್ಣ ಮತ್ತೆ ಬಾಗಿಲಲ್ಲಿ ನಿಂತಿದ್ದರು. ಮೋಟಾರನ್ನು ಮತ್ತೆ ತರಿಸಿದೆ.

ನೀರೆಳೆಯುವ ಚಕ್ರ ಸರಿ ಇದ್ದ ಮೇಲೆ ಉಳಿಯುವುದು ಎರಡು. ಶಾಖಕ್ಕೆ ತೆರೆದುಕೊಂಡು ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಎಂಬ ಚಿಕ್ಕ ಕವಾಟ ಒಂದು. ಸಿಲಿಂಡರ್ ತಲೆಗೆ ಅಂಟಿಕೊಂಡು, ಕಾದಾಗ ಹಾರ್ನ್‌ಗೆ ಕರೆಂಟ್ ಕೊಡುವ ಸ್ವಿಚ್ ಇನ್ನೊಂದು. ಎರಡನ್ನೂ ಬಿಚ್ಚಿ, ನಾವು ಟೀ ಕಾಯಿಸುತ್ತಿದ್ದ ಅಲ್ಯೂಮಿನಿಯಂ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು, ಸೀಮೆಎಣ್ಣೆ ಸ್ಟೌವ್ ಮೇಲೆ ಇಟ್ಟೆ. ಥರ್ಮಾಮೀಟರ್ ಹಿಡಿದು ನೋಡಿದೆ. ಕವಾಟ ತೆರೆಯಬೇಕಾದ ಬಿಸಿಗೆ ತೆರೆಯಿತು. ಸ್ವಿಚ್ಚಿಗೆ ಟಾರ್ಚಿನ ಬಲ್ಬು ಸಿಕ್ಕಿಸಿದ್ದೆ. ನೀರು ಕುದಿಗೆ ಬರುವ ಸ್ವಲ್ಪ ಮುಂಚೆ ಬಲ್ಬು ಹತ್ತಿತು, ನೀರು ತಣಿದ ಮೇಲೆ ಆರಿತು. ಹಾರ್ನಿನ ವೈರನ್ನು ಕೈಯಿಂದ ಅಂಗುಲ ಅಂಗುಲ ತಡವಿ, ಎಲ್ಲೂ ಉಜ್ಜಿಲ್ಲ ಎಂದು ಖಚಿತಪಡಿಸಿಕೊಂಡು, ಆದರೂ ಹೊಸತು ಎಳೆದೆ. ಈ ಮೋಟಾರಿನಲ್ಲಿ ಇನ್ನು ತಪ್ಪು ಹುಡುಕಲು ಜಾಗವೇ ಉಳಿದಿರಲಿಲ್ಲ. ಮಾರನೆಯ ಬೆಳಿಗ್ಗೆ ನಾನೇ ದೋಣಿ ಹತ್ತಿದೆ.

ಮಾರ್ಗಶಿರದ ಚಳಿ. ಮಾವಳ್ಳಿಯ ಮನೆಯಿಂದ ಸೈಕಲ್ಲಿನಲ್ಲಿ ಬರುವಾಗಲೇ ಮಂಜು ಕಣ್ಣಿಗೆ ಕಟ್ಟುತ್ತಿತ್ತು, ಕೆರೆಯ ಮೇಲಂತೂ ಹತ್ತು ಮಾರು ಆಚೆ ಏನಿದೆಯೆಂದು ತಿಳಿಯುತ್ತಿರಲಿಲ್ಲ. ಅಂತರಗಂಗೆಯ ನಡುವೆ ದೋಣಿ ದಾರಿ ಸೀಳಿಕೊಂಡು ಹೋಗುತ್ತಿದ್ದ ಹಾಗೆಯೇ ಹಿಂದೆ ಆ ದಾರಿ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ತೂಬಿನ ಎರಡು ಕಲ್ಲುಕಂಬಗಳು, ಅವುಗಳ ಮೇಲಿನ ಅಡ್ಡಗಲ್ಲು, ಬಾಗಿಲು ಮಾತ್ರ ಉಳಿದ ಮನೆಯ ಹಾಗೆ ನೀರಿನಿಂದ ಎದ್ದು ನಿಂತಿದ್ದವು. ಹಿಂದೆ ಹೊಲಗಳಿಗೆ ನೀರು ಬಿಡುತ್ತಿದ್ದ ತೂಬು ಅದು. ಈಗ ಹೊಲವೂ ಇಲ್ಲ, ತೂಬು ತೆರೆಯುವವರೂ ಇಲ್ಲ. ಗಾಳಿಗೆ ಕಳೆಯೆಲ್ಲ ಆ ಮೂಲೆಗೆ ಬಂದು ಸೇರುತ್ತಿದ್ದುದರಿಂದ ಅಣ್ಣ ದೋಣಿಯನ್ನು ಕಂಬಕ್ಕೆ ಕಟ್ಟಿ, ಮೋಟಾರನ್ನು ನ್ಯೂಟ್ರಲ್ಲಿನಲ್ಲಿ ಓಡಲು ಬಿಡುತ್ತಿದ್ದರು. ಬ್ಯಾಟರಿ ಹಳತಾಗಿದ್ದರಿಂದ ಒಮ್ಮೆ ನಿಲ್ಲಿಸಿದರೆ ಮತ್ತೆ ಎಬ್ಬಿಸುವುದು ಕಷ್ಟ. ಕಳೆಗೆ ಹಗ್ಗ ಸುತ್ತಿ ಕೊಟ್ಟರೆ ಏರಿಯ ಮೇಲಿನ ಆಳುಗಳು ಅದನ್ನು ಎಳೆದುಕೊಳ್ಳುತ್ತಿದ್ದರು.

ನಾನು ಮೋಟಾರಿನ ಬೆನ್ನ ಹಿಂದಿನ ಧಾರೆಯನ್ನೇ ನೋಡುತ್ತ ಕೂತೆ. ಹತ್ತು ನಿಮಿಷ ಅದು ಪೆನ್ಸಿಲ್ ದಪ್ಪ ಇತ್ತು. ಆಮೇಲೆ ಸಣ್ಣಗಾಯಿತು. ದಾರದಷ್ಟಾಯಿತು. ಹನಿಯಾಯಿತು. ಕೆಳಗಿನಿಂದ ಯಾರೋ ನಿಧಾನವಾಗಿ ನಲ್ಲಿ ತಿರುಗಿಸಿದ ಹಾಗೆ ನಿಂತೇ ಹೋಯಿತು. ಸ್ವಲ್ಪ ಹೊತ್ತಿಗೆ ಹಾರ್ನ್ ಹೊರಟಿತು. ತೊಟ್ಟಿಯ ಬಳಿ ವೈರ್ ಮುಟ್ಟಿಸಿ ಪರೀಕ್ಷೆಗೆಂದು ಹಲವು ಸಲ ಕೇಳಿದ್ದ ಸದ್ದೇ ಅದು. ಆ ಮಂಜಿನಲ್ಲಿ ಅದು ನಮ್ಮ ದೋಣಿಯಿಂದ ಬರುತ್ತಿದೆ ಎಂದು ನನಗೇ ಅನಿಸಲಿಲ್ಲ.

ಮುಚ್ಚಳ ತೆಗೆದು ಸಿಲಿಂಡರ್ ತಲೆಯ ಮೇಲೆ ಒಂದು ಹನಿ ನೀರು ಚಿಮುಕಿಸಿದೆ. ಚುಂಯ್ ಎಂದು ಹಾರಿತು. ಹಾರ್ನ್ ಸುಳ್ಳು ಹೇಳುತ್ತಿರಲಿಲ್ಲ. ಕೀ ತಿರುಗಿಸಿ, ಮೋಟಾರನ್ನು ಮೇಲಕ್ಕೆ ಎತ್ತಿ ಸೀಳುಗಳನ್ನು ನೋಡಿದೆ. ಶುಭ್ರವಾಗಿದ್ದವು. ಒಂದು ಎಲೆಯೂ, ಒಂದು ಬೇರೂ ಇರಲಿಲ್ಲ. ಆರಲು ಬಿಟ್ಟು, ಹಗ್ಗ ಎಳೆದು ಎಬ್ಬಿಸಿದೆ. ಧಾರೆ ಮೊದಲಿನಂತೆ ಚಿಮ್ಮಿತು.

"ನೋಡಿದ್ಯಲ್ಲ," ಅಂದರು ಅಣ್ಣ. "ಹೊಳೇಲಿ ಐವತ್ತು ವರ್ಷ ಇದ್ದೋನು ನಾನು. ಕುಡಿಯೋ ನೀರಿಗೆ ಅಡ್ಡ ಕೈ ಹಿಡಿದ ಹಂಗಿದೆ ಇದು."

ನಮ್ಮ ಮನೆಯಲ್ಲಿ ಬುದ್ಧನ ಪಟ ಒಂದೇ. ದೆವ್ವ, ಗಾಳಿ ಎಂದರೆ ಅಪ್ಪ ಕೇಳಿಸಿಕೊಳ್ಳುತ್ತಲೂ ಇರಲಿಲ್ಲ. ಕಾರಣ ಗೊತ್ತಾಗಲಿಲ್ಲ ಅಂದರೆ ನೀನು ಸರಿಯಾಗಿ ನೋಡಿಲ್ಲ ಅಂತ ಅರ್ಥ ಎನ್ನುತ್ತಿದ್ದರು. ಅವರ ಮಾತು ನೆನಪಿತ್ತು. ಆದರೂ ಅಣ್ಣ ಕೈ ಎಂದಾಗ ನಾನು ದೋಣಿಯ ಅಂಚಿನಿಂದ ನನ್ನ ಕೈ ಹಿಂದಕ್ಕೆ ತೆಗೆದುಕೊಂಡೆ.

ಆಗಲೇ ಮಂಜು ಕೊಂಚ ಸರಿದು, ಏರಿಯ ಮೇಲೆ ಒಬ್ಬರು ನಿಂತಿರುವುದು ಕಂಡಿತು. ಅರವತ್ತರ ಆಸುಪಾಸು, ಬಿಳಿ ಅಂಗಿ, ಕಂಕುಳಲ್ಲಿ ಕೊಡೆ. ಹಾರ್ನ್ ನಿಂತಿದ್ದರಿಂದ ಅವರು ಮತ್ತೆ ಕಲ್ಲಿನ ಮೇಲೆ ಕೂತರು.

"ಯಾರಣ್ಣ ಅವರು?"

"ಅವರು ದಿನಾ ಬರ್ತಾರೆ. ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸೋರಂತೆ. ಮಗಳು ಹೋಗಿ ತಿಂಗಳಾಯ್ತು."

"ಹೋಗಿ ಅಂದ್ರೆ?"

"ಓಡಿ ಹೋದ್ಲು ಅಂತಾರೆ ಜನ. ಅದೇ ವಾರ ಪಕ್ಕದ ಬೀದಿ ಹುಡುಗ ಬೊಂಬಾಯಿಗೆ ಹೋದ್ನಂತೆ. ಪೊಲೀಸ್ರೂ ಅದನ್ನೇ ಹೇಳಿ ಕಳಿಸಿದಾರೆ. ಇವರು ನಂಬಲ್ಲ. ಸೊಪ್ಪು ಮಾರೋಳು ಯಾರೋ ಅವತ್ತು ಸಂಜೆ ಮಳೇಲಿ ಆ ಹುಡುಗೀನ ಏರಿ ಮೇಲೆ ನೋಡಿದ್ಲಂತೆ. ಅದಕ್ಕೇ ಇಲ್ಲಿ ಬಂದು ಕೂರ್ತಾರೆ."

ಮಧ್ಯಾಹ್ನ ನಮ್ಮ ಇಂಜಿನಿಯರ್ ಸಾಹೇಬರಿಗೆ ವರದಿ ಕೊಟ್ಟೆ. ಅವರು ಕೆಟ್ಟವರಲ್ಲ. ಸಂಕ್ರಾಂತಿಯೊಳಗೆ ಆ ಮೂಲೆ ಖಾಲಿಯಾಗಬೇಕೆಂದು ಅವರಿಗೆ ಮೇಲಿನಿಂದ ಒತ್ತಡವಿತ್ತು.

"ಹಳೇ ಮೋಟಾರಿಗೆ ಹಾರ್ನ್ ಇತ್ತೇನ್ರೀ?" ಎಂದರು.

"ಇರ್ಲಿಲ್ಲ ಸಾರ್."

"ನಡೀತಿರ್ಲಿಲ್ವಾ? ಆ ವೈರ್ ಕಿತ್ತಾಕಿ. ಕೆಲಸ ಮುಂದುವರೀಲಿ."

"ನಿಜವಾಗ್ಲೂ ಕಾಯ್ತಿದೆ ಸಾರ್. ವೈರ್ ಕಿತ್ತರೆ ಗೊತ್ತಾಗದೇ ಪಿಸ್ಟನ್ ಹಿಡ್ಕೊಂಡ್ಬಿಡುತ್ತೆ."

"ನಾಳೆ ಒಂದಿನ ಕೊಡ್ತೀನಿ," ಎಂದರು. "ನಾಳಿದ್ದು ವೈರ್ ಇರ್ಬಾರ್ದು."

ಮರುದಿನ ದೋಣಿಗೆ ಹತ್ತುವ ಮೊದಲು ಏರಿಯ ಮೇಲಿನ ಆ ಹಿರಿಯರೇ ನನ್ನ ಬಳಿ ಬಂದರು. ಅವರ ಬೆರಳ ತುದಿಗಳು ಅಚ್ಚಿನ ಮಸಿ ಇಳಿದು ಕಪ್ಪಾಗಿದ್ದವು.

"ನೀವು ಮೋಟಾರ್ ರಿಪೇರಿಯವರಾ?"

"ಹೌದು ಯಜಮಾನ್ರೇ."

"ಒಂದು ಮಾತು ಹೇಳ್ಲಾ? ತಪ್ಪು ತಿಳ್ಕೋಬೇಡಿ. ಅದು ಆ ಕಡೆ ದಂಡೇಲಿ ಕಟ್ಟಿದಾಗ ಒಂದು ದಿನಾನೂ ಕೂಗಿಲ್ಲ. ಮಧ್ಯದಲ್ಲಿ ಓಡಾಡುವಾಗಲೂ ಇಲ್ಲ. ಅಲ್ಲಿ ಮಾತ್ರ." ತೂಬಿನ ಕಡೆ ನೋಡಿದರು, ಬೆರಳು ತೋರಿಸಲಿಲ್ಲ. "ನಾನು ಬೇರೆ ಏನು ಮಾಡ್ಲಿ ಇಲ್ಲಿ ಕೂತು? ನೋಡ್ತಾ ಇರ್ತೀನಿ."

ಒಂದು ವಾರದಿಂದ ನಾನು ಮೋಟಾರನ್ನು ನೋಡಿದ್ದೆ. ಅವರು ಜಾಗವನ್ನು ನೋಡಿದ್ದರು.

ಮೊದಲು ಆಚೆ ದಂಡೆಗೆ ಹೋಗಿ, ಒಂದು ಗೂಟಕ್ಕೆ ದೋಣಿ ಕಟ್ಟಿ, ಅದೇ ನ್ಯೂಟ್ರಲ್ಲಿನಲ್ಲಿ ಒಂದು ಗಂಟೆ ಓಡಿಸಿದೆ. ಧಾರೆ ಅಲುಗಲಿಲ್ಲ. ಅಲ್ಲೂ ಅದೇ ಕೆರೆಯ ನೀರು, ಅದೇ ಕಳೆ. ಹಾಗಿದ್ದರೆ ತೂಬಿನ ಬಳಿ ಸೀಳುಗಳನ್ನು ಮುಚ್ಚುವಂಥದ್ದು ಏನೋ ಇರಬೇಕು. ಪಂಪು ಎಳೆಯುವಾಗ ಮಾತ್ರ ಬಂದು ಅಂಟಿಕೊಳ್ಳುವಂಥದ್ದು. ನಾವು ನಿಲ್ಲಿಸಿದ ಕೂಡಲೇ ಎಳೆತ ಹೋಗಿ, ನಾವು ಎತ್ತಿ ನೋಡುವಷ್ಟರಲ್ಲಿ ಜಾರಿಬಿಡುವಂಥದ್ದು. ಹಾರ್ನ್ ಕೇಳಿದೊಡನೆ ನಿಲ್ಲಿಸುವುದು ನಿಯಮ. ಆ ನಿಯಮ ಪಾಲಿಸಿದ್ದಕ್ಕೇ ನಮಗೆ ಏನೂ ಸಿಕ್ಕಿರಲಿಲ್ಲ.

"ಅಣ್ಣ, ಇವತ್ತು ಕೂಗಿದ್ರೆ ನಿಲ್ಲಿಸ್ಬೇಡಿ. ನಾನು ಹೇಳೋವರ್ಗೂ ಕೀ ಮುಟ್ಬೇಡಿ."

"ಮೋಟಾರ್ ಸುಟ್ಟೋದ್ರೆ?"

"ಸುಟ್ಟದ್ದು ನಾನು ಅಂತ ಬರ್ಕೊಡ್ತೀನಿ."

ಅಣ್ಣ ನನ್ನ ಮುಖ ನೋಡಿದರು. "ಮೋಟಾರ್ ವಿಚಾರ ಅಲ್ಲ ಕಣಪ್ಪ ನಂಗೆ," ಎಂದು ಹುಟ್ಟು ಹಾಕಿ ದೋಣಿ ತಿರುಗಿಸಿದರು.

ತೂಬಿನ ಕಂಬಕ್ಕೆ ಕಟ್ಟಿದೆವು. ಏರಿಯ ಆಳುಗಳಿಗೆ ಸುಮ್ಮನಿರಲು ಹೇಳಿದ್ದೆ. ಮಂಜು ಆಗಷ್ಟೇ ತೆಳುವಾಗುತ್ತಿತ್ತು. ಆ ಮೂಲೆಯಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಇಷ್ಟು ದಿನ ಅದು ಗಮನಕ್ಕೆ ಬಂದಿರಲಿಲ್ಲ. ಅಂಗಿ ತೋಳು ಹೆಗಲವರೆಗೆ ಸುತ್ತಿಕೊಂಡು ದೋಣಿಯ ಹಿಂಬದಿಗೆ ಹೊಟ್ಟೆ ಆನಿಸಿ ಮಲಗಿದೆ. ಗೇರು ನ್ಯೂಟ್ರಲ್ಲಿನಲ್ಲಿದೆಯೇ ಎಂದು ಎರಡು ಸಲ ಕೇಳಿದೆ. ಅದು ತಪ್ಪಿ ಬಿದ್ದರೆ ಫ್ಯಾನು ಕೈ ಉಳಿಸುವುದಿಲ್ಲ.

ಧಾರೆ ಸಣ್ಣಗಾಯಿತು. ನಿಂತಿತು. ಹಾರ್ನ್ ಹೊರಟಿತು.

ಕೈಯನ್ನು ಮೋಟಾರಿನ ಕಾಲಿನ ಗುಂಟ ನೀರಿಗೆ ಇಳಿಸಿದೆ. ಅಂತರಗಂಗೆಯ ಬೇರುಗಳು ಮೊಣಕೈ ಸುತ್ತ ತಾಗಿ ಹೋದವು. ನೀರು ಮೇಲೆ ಬೆಚ್ಚಗಿತ್ತು, ಕೆಳಗೆ ತೀರ ತಣ್ಣಗೆ. ಸೀಳುಗಳಿರುವ ಜಾಗ ನನ್ನ ಬೆರಳುಗಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಅಲ್ಲಿ ಸೀಳುಗಳು ಸಿಗಲಿಲ್ಲ. ನುಣ್ಣಗೆ, ತಮಟೆಯ ಚರ್ಮದ ಹಾಗೆ ಬಿಗಿದುಕೊಂಡು, ಪಂಪಿನ ನಡುಕಕ್ಕೆ ಅದುರುತ್ತಿದ್ದ ಏನೋ ಒಂದು ಸಿಕ್ಕಿತು. ಮುಂದಿನಿಂದ ಬಂದು ಎರಡೂ ಬದಿಯನ್ನು ತಬ್ಬಿಕೊಂಡಿತ್ತು. ಬಟ್ಟೆ.

ಒಂದು ಮಡಿಕೆಯನ್ನು ಮುಷ್ಟಿಯಲ್ಲಿ ಹಿಡಿದೆ.

"ಈಗ ನಿಲ್ಲಿಸಿ."

ಅಣ್ಣ ಕೀ ತಿರುಗಿಸಿದರು. ಹಾರ್ನ್, ಇಂಜಿನ್ ಎರಡೂ ಒಟ್ಟಿಗೆ ನಿಂತವು. ಆ ಕ್ಷಣವೇ ನನ್ನ ಮುಷ್ಟಿಯಿಂದ ಬಟ್ಟೆ ಕೆಳಕ್ಕೆ ಜಾರತೊಡಗಿತು. ಜೋರಾಗಿ ಅಲ್ಲ. ಮಲಗಿದವರು ಹೊದಿಕೆಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರಲ್ಲ, ಅಷ್ಟು ಮೆಲ್ಲಗೆ. ಬಿಟ್ಟುಬಿಡಬೇಕು ಅನ್ನಿಸಿತು. ಆ ಆಸೆಯಷ್ಟು ಬಲವಾದದ್ದನ್ನು ನಾನು ಮತ್ತೆ ಯಾವತ್ತೂ ಅನುಭವಿಸಿಲ್ಲ.

"ಬಿಡ್ಬೇಡ," ಅಂದರು ಅಣ್ಣ. ಅವರು ನನ್ನ ಮುಖದಿಂದಲೇ ತಿಳಿದುಕೊಂಡಿದ್ದರು.

ಎರಡೂ ಕೈ ಹಾಕಿ ಎಳೆದೆ. ಒಂದು ಮೊಳ ಬಂತು, ಇನ್ನೊಂದು ಮೊಳ ಬಂತು, ಆಮೇಲೆ ಕೆಳಗೆ ಎಲ್ಲೋ ಕಚ್ಚಿಕೊಂಡು ನಿಂತಿತು. ಕೆಸರಿನ ಬಣ್ಣಕ್ಕೆ ತಿರುಗಿದ ನೈಲಾನ್ ಸೀರೆಯ ಸೆರಗು. ಆರು ಗಜದ ಸೀರೆ, ಒಂದು ತುದಿ ತೂಬಿನ ಬಾಯಲ್ಲಿ ಸಿಕ್ಕಿದ್ದರೂ ಇನ್ನೊಂದು ತುದಿ ಮೇಲಿನವರೆಗೆ ಓಲಾಡುತ್ತ ಬರುವಷ್ಟು ಉದ್ದ. ಅಣ್ಣ ತಮ್ಮ ಹಗ್ಗದ ತುದಿಯನ್ನು ಅದಕ್ಕೆ ಗಂಟು ಹಾಕಿ, ಇನ್ನೊಂದು ತುದಿಯನ್ನು ತೂಬಿನ ಕಲ್ಲಿಗೆ ಕಟ್ಟಿದರು. ಗಂಟು ಗಟ್ಟಿಯಾಗಿತ್ತು.

ನಾನು ತಲೆಯೆತ್ತಿ ಏರಿಯ ಕಡೆ ನೋಡಿದೆ. ಹಾರ್ನ್ ನಿಂತಿತ್ತು. ಆ ಹಿರಿಯರು ಈ ಸಲ ಕೂತಿರಲಿಲ್ಲ, ನಿಂತೇ ಇದ್ದರು.

ಪೊಲೀಸರು, ನೀರಿನಲ್ಲಿ ಮುಳುಗುವವರು ಬರುವ ಹೊತ್ತಿಗೆ ಬಿಸಿಲೇರಿತ್ತು. ದೇಹ ತೂಬಿನ ಬಾಯಿಗೆ ಅಡ್ಡ ಹಾಕಿದ್ದ ಕಬ್ಬಿಣದ ಸರಳುಗಳಲ್ಲಿ ಸಿಕ್ಕಿಕೊಂಡಿತ್ತು. ಮೇಲಿನ ಕಳೆಯ ಹಾಸು ಅದನ್ನು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿತ್ತು. ಮೇಲೆ ತರುವಾಗ ನಾನು ಬೆನ್ನು ತಿರುಗಿಸಿ ನಿಂತಿದ್ದೆ. ಅಣ್ಣ ನೋಡಿದರು.

ಪೇದೆಯೊಬ್ಬರು ಸೀರೆಯ ಅಂಚನ್ನು ಕತ್ತರಿಸಿ ತಂದು, ಬಕೆಟ್ಟಿನಲ್ಲಿ ತೊಳೆದುಕೊಡಲು ನನಗೆ ಹೇಳಿದರು. ತೊಳೆದೆ. ಕೆಸರು ಬಿಟ್ಟಂತೆ ನೀಲಿ ಬಣ್ಣ ಬಂತು. ಅಂಚಿಗೆ ಕೈಯಲ್ಲಿ ಫಾಲ್ಸ್ ಹೊಲಿದಿದ್ದರು. ಅರ್ಧದವರೆಗೆ ನೀಲಿ ದಾರ, ಅಲ್ಲಿಂದ ಮುಂದೆ ಕೆಂಪು.

ಹಿರಿಯರು ಅದನ್ನು ಕಪ್ಪು ಬೆರಳುಗಳಲ್ಲಿ ಹಿಡಿದು, ಹೊಲಿಗೆಯನ್ನು ಅಚ್ಚಿನ ಮೊಳೆ ಓದುವ ಹಾಗೆ ತಲೆಕೆಳಗಾಗಿ ತಿರುಗಿಸಿ ನೋಡಿದರು.

"ನೀಲಿ ದಾರ ಮುಗ್ದಿತ್ತು," ಅಂದರು ಪೇದೆಗೆ. "ನಗರ್ತಪೇಟೆಯಿಂದ ತರ್ತೀನಿ ಅಂದಿದ್ದೆ. ಎರಡು ದಿನ ಮರ್ತೆ. ಅವಳು ಇದ್ದಿದ್ರಲ್ಲೇ ಮುಗಿಸ್ಕೊಂಡ್ಲು." ಬಟ್ಟೆಯನ್ನು ಮಡಚುತ್ತ, "ಇದು ನಮ್ಮುಡುಗೀದೇ," ಎಂದರು.

ಮಳೆಯಲ್ಲಿ ಏರಿಯ ಇಳಿಜಾರಿನಲ್ಲಿ ಕಾಲು ಜಾರಿತೋ, ಮತ್ತೇನೋ, ನನಗೆ ತಿಳಿಯದು. ಬೇರೆಯವರ ಕೈವಾಡ ಕಾಣಲಿಲ್ಲ ಎಂದು ಪೊಲೀಸರು ಬರೆದುಕೊಂಡರು ಎಂದಷ್ಟೇ ಕೇಳಿದೆ. ಮೋಟಾರಿಗೆ ಏನೂ ಆಗಿರಲಿಲ್ಲ. ಇಂಜಿನಿಯರ್ ಸಾಹೇಬರು ವೈರಿನ ಮಾತನ್ನು ಮತ್ತೆ ಎತ್ತಲಿಲ್ಲ. ಅಣ್ಣ ಒಂದು ವಾರ ರಜೆ ಹಾಕಿ ಊರಿಗೆ ಹೋಗಿ ಬಂದು, ಕೆಲಸಕ್ಕೆ ಇಳಿದರು. ತೂಬಿಗೆ ಮಾತ್ರ ದೋಣಿ ಕಟ್ಟಲಿಲ್ಲ.

ಹದಿನೈದು ದಿನದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಆ ಹಿರಿಯರು ಮಾವಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬಂದರು. ತಲೆ ಬೋಳಿಸಿದ್ದರು. ಅಮ್ಮ ಕೊಟ್ಟ ನೀರು ಕುಡಿದು, ಲೋಟವನ್ನು ಕೈಯಲ್ಲೇ ಇಟ್ಟುಕೊಂಡು ಕೂತರು.

"ನೀವೊಂದ್ಸಲ ನಮ್ಮ ವಠಾರಕ್ಕೆ ಬರ್ಬೇಕಿತ್ತು," ಅಂದರು.

"ಬರ್ತೀನಿ. ಏನಾಗ್ಬೇಕಿತ್ತು?"

"ಏನಾಯ್ತು ಅಂತ ಅಲ್ಲಿ ಹೇಳ್ಬೇಕು. ನಾನು ಹೇಳಿದ್ರೆ ಅಪ್ಪ, ಮಗಳ ಪರ ಮಾತಾಡ್ತಾನೆ ಅಂತಾರೆ. ಪೊಲೀಸ್ರು ವಠಾರಕ್ಕೆ ಬರಲ್ಲ. ನೀವು ಸರ್ಕಾರದ ಕೆಲಸದಲ್ಲಿರೋರು, ನಿಮ್ಮ ಕೈಯಲ್ಲೇ ಹಿಡಿದೋರು."

ಎನ್.ಆರ್. ಕಾಲೋನಿಯವರೆಗೆ ಇಬ್ಬರೂ ನಡೆದೇ ಹೋದೆವು. ಎಂಟು ಮನೆಯ ವಠಾರ, ನಡುವೆ ಒಂದು ನಲ್ಲಿ. ಹಿರಿಯರು ಒಂದೊಂದು ಬಾಗಿಲಿಗೂ ಹೋಗಿ, "ಒಂದು ನಿಮಿಷ ಬನ್ನಿ," ಎಂದು ಕರೆದರು. ನಾಲ್ಕು ಮನೆಯವರು ಬಂದು ನಿಂತರು. ಅಷ್ಟು ಜನರ ಮುಂದೆ ನಾನು ಯಾವತ್ತೂ ಮಾತಾಡಿದವನಲ್ಲ. ಗೊತ್ತಿದ್ದುದು ಕೆಲಸವೊಂದೇ, ಅದರಿಂದಲೇ ಶುರುಮಾಡಿದೆ. ಮೋಟಾರು ನೀರು ಕುಡಿಯುವ ಬಗೆ, ಬೆನ್ನ ಹಿಂದಿನ ಧಾರೆ, ಒಲೆಯ ಮೇಲೆ ಕುದಿಸಿದ ಸ್ವಿಚ್, ಇವರು ಜಾಗದ ಬಗ್ಗೆ ಹೇಳಿದ ಮಾತು, ನನ್ನ ಕೈಗೆ ಸಿಕ್ಕ ಬಟ್ಟೆ, ಎರಡು ಬಣ್ಣದ ದಾರ.

ನಲ್ಲಿಯ ಬಳಿ ಕೊಡ ಹಿಡಿದು ನಿಂತಿದ್ದ ಹೆಂಗಸೊಬ್ಬರು ಕೊನೆಗೆ ಕೇಳಿದರು, "ಅಂದ್ರೆ ಆ ಹುಡುಗಿ ಅವತ್ತಿಂದಾನೂ ಅಲ್ಲೇ..."

"ಹೌದಮ್ಮ. ಎಲ್ಲೂ ಹೋಗಿರ್ಲಿಲ್ಲ."

ಅವರು ಕೊಡ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಉಳಿದವರೂ ಒಬ್ಬೊಬ್ಬರಾಗಿ ಸರಿದರು. ಒಬ್ಬರು ಹಿರಿಯರ ಹೆಗಲು ಮುಟ್ಟಿ ಹೋದರು.

ನನ್ನ ಕೆಲಸ ಮುಗಿಯಿತೆಂದು ಚಪ್ಪಲಿ ಮೆಟ್ಟಿಕೊಂಡೆ. ಹಿರಿಯರು ಬೀಗ ಹಾಕಿದ್ದ ಮೂರು ಬಾಗಿಲುಗಳನ್ನು ನೋಡುತ್ತ ನಿಂತಿದ್ದರು.

"ಅವ್ರೆಲ್ಲ ಮದುವೇಗೆ ಹೋಗಿದಾರೆ," ಅಂದರು. "ಸಾಯಂಕಾಲ ಬರ್ತಾರೆ. ನಿಮಗೆ ಬೇರೆ ಕೆಲಸ ಇದ್ರೆ..."

"ಇಲ್ಲ," ಎಂದೆ.

ಅವರ ಮನೆಯ ಜಗುಲಿಯ ಮೇಲೆ ಕೂತೆ. ಮಧ್ಯಾಹ್ನ ಅವರೇ ಅನ್ನ, ಸಾರು ಬಡಿಸಿದರು. ದೀಪ ಹಚ್ಚುವ ಹೊತ್ತಿಗೆ ಮೂರೂ ಮನೆಯವರು ಒಟ್ಟಿಗೆ ಬಂದರು, ರೇಷ್ಮೆ ಸೀರೆ, ಕೈಯಲ್ಲಿ ತಾಂಬೂಲದ ಚೀಲ. ಹಿರಿಯರು ಎದ್ದು ಹೋಗಿ ಅವರನ್ನು ಕರೆತಂದರು. ನಾನು ಎದ್ದು ನಿಂತು, ಮೊದಲಿನಿಂದ ಹೇಳಿದೆ.